ಬಿಡ್ತೀನಿ ಅಂತ ಹೇಳಿ ಬಿಡುವ ಕೈ



ಧಮ್ಮ ಬಂಧುಗಳೇ, ಇಂದಿನ ಚಿಂತನೆ ನಾಲ್ಕನೆಯ ಶೀಲದ ಬಗ್ಗೆ.

ವಂದನೆಗೆ ಕೂತಾಗಲೆಲ್ಲ ನಾವು ಐದು ಶೀಲಗಳನ್ನು ಒಟ್ಟಿಗೆ ಹೇಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದು ಒಂದು. ಕೊಲೆ, ಕಳವು, ಕುಡಿತ ಇವುಗಳಲ್ಲಿ ಗೆರೆ ಎಲ್ಲಿದೆ ಎಂಬುದು ನಮಗೆ ಸರಿಯಾಗಿ ಗೊತ್ತು. ಸುಳ್ಳಿನ ವಿಷಯದಲ್ಲಿ ಮಾತ್ರ ಆ ಗೆರೆ ಅತ್ತಿತ್ತ ಸರಿಯುತ್ತದೆ. ಲಾಭಕ್ಕೆ ಹೇಳಿದರೆ ಸುಳ್ಳು. ಮೋಸಕ್ಕೆ ಹೇಳಿದರೆ ಸುಳ್ಳು. ಆದರೆ ಮಗುವಿನ ಒಳ್ಳೆಯದಕ್ಕೆ ಹೇಳಿದರೆ? ಅದನ್ನು ಯಾರೂ ಸುಳ್ಳಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಔಷಧ ಸಿಹಿ ಐತಿ, ಸೂಜಿ ಇರುವೆ ಕಡದಂಗ ಅಷ್ಟ, ಪ್ಯಾಟಿಗೆ ಹೋಗಿ ಐದು ನಿಮಿಷದಾಗ ಬರ್ತೀನಿ. ಮನೆಮನೆಯಲ್ಲೂ ಇವೆ ಇಂಥ ಮಾತುಗಳು.

ಇವುಗಳಲ್ಲೇ ಒಂದು, ಸೈಕಲ್ ಕಲಿಸುವವರು ಹೇಳುವ ಸುಳ್ಳು. "ಹಿಡಿದೀನಿ, ನೀ ತುಳಿ." ಮಗು ಮುಂದೆ ನೋಡಿ ತುಳಿಯುತ್ತಿರುತ್ತದೆ. ಹಿಂದೆ ಕೈ ಬಿಟ್ಟಾಗಿರುತ್ತದೆ.

ಇದರಲ್ಲಿ ಯಾರಿಗೂ ಕೇಡು ಬಗೆದಿಲ್ಲ. ಹೇಳಿದವರ ಮನಸ್ಸಿನಲ್ಲಿ ಪ್ರೀತಿಯೇ ಇದೆ. ಹಾಗಾದರೆ ಇದು ಶೀಲಭಂಗವೇ? ಇಷ್ಟು ಸಣ್ಣದಕ್ಕೆ ಧಮ್ಮವನ್ನು ಎಳೆದು ತರಬೇಕೇ? ತರಬೇಕು ಎಂದು ನನಗೆ ಅನ್ನಿಸಿದೆ. ಯಾಕೆ ಎಂದು ಹೇಳುತ್ತೇನೆ.

ನನ್ನ ತಂಗಿಯ ಮಗಳು ಈ ಬೇಸಿಗೆ ರಜೆಗೆ ಯಲಬುರ್ಗಾದ ನಮ್ಮ ಮನೆಗೆ ಬಂದಿದ್ದಳು. ಏಳನೆಯ ತರಗತಿ ಮುಗಿಸಿದ್ದಾಳೆ. ಅವರ ಊರಿನ ಶಾಲೆ ಏಳಕ್ಕೆ ಮುಗಿಯುತ್ತದೆ. ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್ ಆಚೆಯ ಊರಿಗೆ ಹೋಗಬೇಕು. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಗಿತ್ತು. ಎಂಟನೆಯ ತರಗತಿ ಯಾಕೆ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರ ಶಾಲೆ ಮುಗಿದಲ್ಲಿಗೆ ಎಷ್ಟೋ ಹೆಣ್ಣುಮಕ್ಕಳ ಓದೂ ಮುಗಿಯುತ್ತಿತ್ತು. ಕೋವಿಡ್ ಬಂದ ವರ್ಷಗಳಿಂದ ಆ ಸೈಕಲ್ ಹಂಚಿಕೆ ನಿಂತಿತು. ಹಾಗಾಗಿ ತಂಗಿ ಮಹಿಳಾ ಸಂಘದಲ್ಲಿ ಸಾಲ ತೆಗೆದು ಒಂದು ಹಳೆಯ ಸೈಕಲ್ ಕೊಂಡಳು.

ಸೈಕಲ್ ಬಂತು, ಹುಡುಗಿ ಹತ್ತಲಿಲ್ಲ.

ಒಂದು ವರ್ಷದ ಹಿಂದೆ ಅವಳ ದೊಡ್ಡಪ್ಪನ ಮಗ ಕಲಿಸಲು ನಿಂತಿದ್ದ. "ಹಿಡಿದೀನಿ" ಅಂದಿದ್ದ. ಅವಳು ಖುಷಿಯಲ್ಲಿ ಏನೋ ಕೇಳಲು ಹಿಂತಿರುಗಿ ನೋಡಿದಾಗ ಅವನು ಇಪ್ಪತ್ತು ಮಾರು ಹಿಂದೆ ನಿಂತು ನಗುತ್ತಿದ್ದ. ಆ ಗಾಬರಿಗೇ ಹ್ಯಾಂಡಲ್ ತಿರುಗಿ ಜಾಲಿಕಂಟಿಯಲ್ಲಿ ಬಿದ್ದಳು. ಮುಳ್ಳಿನ ಗಾಯ ಎಂಟು ದಿನದಲ್ಲಿ ಮಾಯಿತು. ಸೈಕಲ್ ಮುಟ್ಟುವುದು ಮಾತ್ರ ವರ್ಷವಿಡೀ ನಿಂತುಹೋಯಿತು. ಆ ಹುಡುಗ ಕೆಟ್ಟವನಲ್ಲ. ಅವನಿಗೂ ಯಾರೋ ಹಾಗೆಯೇ ಕಲಿಸಿದ್ದರು.

ನಮ್ಮ ಮನೆಯ ಹತ್ತಿರದ ಗರಸಿನ ಮೈದಾನಕ್ಕೆ ಮೊದಲ ಸಂಜೆ ಸೈಕಲ್ ತಳ್ಳಿಕೊಂಡು ಹೋದಾಗ ಅವಳು ನನಗೆ ಒಂದೇ ಮಾತು ಹೇಳಿದಳು. "ಮಾಮಾ, ಬಿಡೂದಾದ್ರ ಬಿಡು. ಆದ್ರ ಹೇಳಿ ಬಿಡು."

ಗಮನಿಸಿ ಬಂಧುಗಳೇ. ಬಿಡಬೇಡ ಎಂದು ಅವಳು ಕೇಳಲಿಲ್ಲ. ಬೀಳುವುದಕ್ಕೆ ಅವಳು ಸಿದ್ಧವಿದ್ದಳು. ಮೋಸಹೋಗುವುದಕ್ಕೆ ಸಿದ್ಧವಿರಲಿಲ್ಲ. ನಾವು ಮಕ್ಕಳ ಹೆದರಿಕೆ ಎಂದರೆ ಬೀಳುವ ಹೆದರಿಕೆ ಎಂದಷ್ಟೇ ತಿಳಿದಿರುತ್ತೇವೆ. ಅದರ ಕೆಳಗೆ ಇನ್ನೊಂದು ಹೆದರಿಕೆ ಇರುತ್ತದೆ: ಹಿಂದೆ ಇರುವವರ ಮಾತನ್ನು ನಂಬಬಹುದೋ ಇಲ್ಲವೋ ಎಂಬುದು.

ಹೇಳಿ ಬಿಡುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ ಕಲಿಸುವ ರೀತಿಯನ್ನೇ ಬದಲಿಸಬೇಕಾಯಿತು.

ಮೊದಲ ಸಂಜೆ ಪಾನಾ ಹಿಡಿದು ಎರಡೂ ಪೆಡಲ್ ಬಿಚ್ಚಿದೆವು. ಎಡಗಡೆಯ ಪೆಡಲಿನ ತಿರುವು ಉಲ್ಟಾ ಇರುತ್ತದೆ, ಅದು ಗೊತ್ತಿಲ್ಲದೆ ತಿರುವಿದರೆ ಇನ್ನಷ್ಟು ಬಿಗಿಯಾಗುತ್ತದೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿದೆವು. ಮೈದಾನದಲ್ಲಿದ್ದ ಹುಡುಗರು ನಕ್ಕರು. ಪೆಡಲ್ ಇಲ್ಲದ್ದು ಎಂಥ ಸೈಕಲ್! ಆದರೆ ಸೈಕಲ್ ಹುಟ್ಟಿದ್ದೇ ಹಾಗೆ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ ಊರಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ನೆಲಕ್ಕೆ ಕಾಲು ಒದ್ದು ಮುಂದೆ ಹೋಗಬೇಕಿತ್ತು. ಪೆಡಲ್ ಬಂದದ್ದು ಎಷ್ಟೋ ವರ್ಷಗಳ ನಂತರ. ಅಂದರೆ ಮನುಷ್ಯ ಮೊದಲು ತೋಲ ಹಿಡಿಯುವುದನ್ನು ಕಲಿತ, ತುಳಿಯುವುದನ್ನು ಆಮೇಲೆ ಕಲಿತ.

ಹುಡುಗಿ ಕಾಲಿನಿಂದ ನೆಲ ಒದೆಯುತ್ತ ಮೈದಾನ ಸುತ್ತಿದಳು. ಮೊದಲು ಬ್ರೇಕ್ ಹಿಡಿಯುವುದನ್ನು ಕಲಿತಳು. ನಿಲ್ಲಿಸಲು ಬಂದವರಿಗೆ ಹೋಗಲು ಅರ್ಧ ಹೆದರಿಕೆ ಕಡಿಮೆ. ಎರಡನೆಯ ಸಂಜೆ ಸಣ್ಣ ಇಳಿಜಾರಿನಲ್ಲಿ ಎರಡೂ ಕಾಲು ಎತ್ತಿ, ಒಂದು ಎರಡು ಮೂರು ಎಂದು ಎಣಿಸಿದಳು. ಮೂರನೆಯ ಸಂಜೆ ಎಣಿಕೆ ಹದಿನೈದಕ್ಕೆ ಹೋಯಿತು.

ಇಲ್ಲಿ ಒಂದು ವಿಷಯ ತಿಳಿಯಬೇಕು. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಕೂಡ ಎಡಕ್ಕೇ ಸ್ವಲ್ಪ ತಿರುಗಬೇಕು. ಆಗ ಚಕ್ರ ದೇಹದ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಹೆದರಿದ ಮಗು ವಿರುದ್ಧ ದಿಕ್ಕಿಗೆ ಎಳೆಯುತ್ತದೆ, ಬೀಳುತ್ತದೆ. ಇದು ಬಾಯಿಂದ ಹೇಳಿದರೆ ಬರುವ ವಿದ್ಯೆಯಲ್ಲ. ಸೈಕಲ್ ವಾಲಬೇಕು, ಆ ವಾಲುವುದು ಮಗುವಿನ ಮೈಗೆ ತಿಳಿಯಬೇಕು. ನಾವು ಹಿಂದಿನಿಂದ ಸೀಟನ್ನು ಬಿಗಿಯಾಗಿ ಹಿಡಿದರೆ ಅದು ವಾಲುವುದೇ ಇಲ್ಲ. ಆಗ ಮಗು ತುಳಿಯುತ್ತದೆ ಅಷ್ಟೆ, ತೋಲ ಹಿಡಿಯುವವರು ನಾವಾಗಿರುತ್ತೇವೆ. ಮಗುವಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ನಾಲ್ಕನೆಯ ಸಂಜೆ ಪೆಡಲ್ ಹಾಕಿದ ಮೇಲೆ ನಾನು ಸೈಕಲ್ ಹಿಡಿಯಲಿಲ್ಲ, ಅವಳ ಹೆಗಲಿಗೆ ಕೈಕೊಟ್ಟೆ.

ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಮೂರು ದಿನದಿಂದ ನೋಡುತ್ತಿದ್ದರು. ಅವರಿಗೆ ತಡೆಯಲಾಗಲಿಲ್ಲ. "ಸರ್, ಹಿಂಗ ಹೇಳ್ಕೋತ ಕುಂತ್ರ ಕೂಸು ಜನ್ಮದಾಗ ಕಲಿಯೂದಿಲ್ಲ. ಹಿಡಿದೀನಿ ಅನ್ರಿ, ಬಿಟ್ಟುಬಿಡ್ರಿ. ನಾವೆಲ್ಲಾ ಹಂಗ ಕಲ್ತೀವಿ. ನಮಗೇನಾಗೇತಿ?"

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆ ಸುಳ್ಳು ಕೆಲಸ ಮಾಡುತ್ತದೆ, ನಿಜ. ಹೆದರುವ ಮಗುವಿಗೆ "ಬಿಡ್ತೀನಿ" ಎಂದರೆ ಅದು ಅಲ್ಲೇ ಕಾಲು ಊರಿ ನಿಲ್ಲುತ್ತದೆ. ಹೇಳದೆ ಬಿಟ್ಟರೆ ಹತ್ತು ಮಾರು ಹೋಗಿಬಿಡುತ್ತದೆ. ಆಮೇಲೆ ತಿಳಿದು ನಗುತ್ತದೆ. ಬಹಳಷ್ಟು ಜನರ ನೆನಪಿನಲ್ಲಿ ಅದು ಸಿಹಿಯಾದ ನೆನಪೇ ಆಗಿರುತ್ತದೆ. ಅಷ್ಟೇ ಅಲ್ಲ, ಧಮ್ಮ ಗ್ರಂಥಗಳಲ್ಲೇ ಅವರ ಪರವಾಗಿ ಒಂದು ಕಥೆ ಇದೆ. ಮಹಾಯಾನದ ಸದ್ಧರ್ಮ ಪುಂಡರೀಕ ಸೂತ್ರದಲ್ಲಿ ಒಬ್ಬ ತಂದೆ. ಮನೆಗೆ ಬೆಂಕಿ ಬಿದ್ದಿದೆ, ಮಕ್ಕಳು ಒಳಗೆ ಆಟದಲ್ಲಿ ಮುಳುಗಿದ್ದಾರೆ, ಕೂಗಿದರೆ ಬರುತ್ತಿಲ್ಲ. ಹೊರಗೆ ನಿಮಗಾಗಿ ಚಂದದ ಆಟದ ಗಾಡಿಗಳಿವೆ ಎಂದು ಅವನು ಕರೆಯುತ್ತಾನೆ. ಮಕ್ಕಳು ಓಡಿ ಬಂದು ಬದುಕುತ್ತಾರೆ. ಆ ತಂದೆ ಸುಳ್ಳು ಹೇಳಿದ ಹಾಗಾಯಿತೇ ಎಂದು ಬುದ್ಧರು ಸಾರಿಪುತ್ರನನ್ನು ಕೇಳುತ್ತಾರೆ. ಇಲ್ಲ ಎನ್ನುತ್ತಾನೆ ಸಾರಿಪುತ್ರ.

ಒಪ್ಪೋಣ. ಆದರೆ ಆ ಕಥೆಯಲ್ಲಿ ಬೆಂಕಿ ಇದೆ. ಎರಡನೆಯ ದಾರಿ ಇಲ್ಲ, ಸಮಯವೂ ಇಲ್ಲ. ಸೈಕಲ್ ಕಲಿಯುವ ಮೈದಾನದಲ್ಲಿ ಯಾವ ಮನೆಗೂ ಬೆಂಕಿ ಬಿದ್ದಿಲ್ಲ. ಇಲ್ಲಿ ನಮಗೆ ಇರುವ ಒಂದೇ ಕೊರತೆ ಸಹನೆಯದು. ನಾಲ್ಕು ಸಂಜೆಯ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಲು ಸುಳ್ಳು ಬೇಕಾಗುತ್ತದೆ. ನಮ್ಮ ಅವಸರಕ್ಕೆ ನಾವು ಕರುಣೆ ಎಂಬ ಹೆಸರು ಇಡುತ್ತೇವೆ.

ಈಗ ಬುದ್ಧರು ಒಬ್ಬ ನಿಜವಾದ ಮಗುವಿಗೆ ಏನು ಹೇಳಿದರು ನೋಡಿ. ಮಜ್ಝಿಮ ನಿಕಾಯದಲ್ಲಿ ರಾಹುಲನಿಗೆ ಕೊಟ್ಟ ಉಪದೇಶವಿದೆ. ರಾಹುಲ ಅವರ ಸ್ವಂತ ಮಗ, ಆಗಿನ್ನೂ ಚಿಕ್ಕ ಹುಡುಗ. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬುದ್ಧರು ತೋರಿಸುತ್ತಾರೆ: ತಿಳಿದು ತಿಳಿದು ಸುಳ್ಳಾಡಿ ನಾಚದವರಲ್ಲಿ ಉಳಿಯುವ ಸಾಧನೆ ಇಷ್ಟೇ. ಆ ನೀರನ್ನು ಚೆಲ್ಲುತ್ತಾರೆ, ಪಾತ್ರೆ ಬೋರಲು ಹಾಕುತ್ತಾರೆ, ಮತ್ತೆ ಎತ್ತಿ ಖಾಲಿ ಪಾತ್ರೆ ತೋರಿಸುತ್ತಾರೆ. ಆಮೇಲೆ ಹೇಳುವ ಮಾತಿನ ಸಾರ ಇದು: ತಮಾಷೆಗೂ ಸುಳ್ಳು ಬೇಡ. ಜಗತ್ತಿನ ಗುರು ಒಬ್ಬ ಹುಡುಗನ ಮುಂದೆ ಕೂತು, ಪಾತ್ರೆ ಹಿಡಿದು, ಇಷ್ಟು ಸಮಯ ಕೊಟ್ಟದ್ದು ಸುಳ್ಳಿನ ವಿಷಯಕ್ಕೆ. ಮಗುವಿಗೆ ಸುಳ್ಳು ಬೇಡ ಎಂದು ಕಲಿಸಬೇಕಾದವರು ಮಗುವಿಗೇ ಸುಳ್ಳು ಹೇಳಿ ಕಲಿಸಲು ಹೇಗಾಗುತ್ತದೆ?

ಈ ಉಪದೇಶಕ್ಕೂ ನಮ್ಮ ಜಿಲ್ಲೆಗೂ ನಂಟಿದೆ. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಅಶೋಕ ಶಾಸನದಲ್ಲಿ, ಭಿಕ್ಖುಗಳು ಮತ್ತು ಉಪಾಸಕರು ಮತ್ತೆ ಮತ್ತೆ ಕೇಳಬೇಕಾದ ಏಳು ಧಮ್ಮ ಪಾಠಗಳ ಹೆಸರು ಕೊರೆಸಲಾಗಿದೆ. ಕೊನೆಯದು ಇದೇ, ಸುಳ್ಳಿನ ಬಗ್ಗೆ ರಾಹುಲನಿಗೆ ಕೊಟ್ಟ ಉಪದೇಶ. ಅದೇ ಅಶೋಕನ ಶಾಸನ ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇದೆ. ಅಲ್ಲಿರುವ ಮಾತಿನ ಸಾರ: ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರೂ ಪಡೆಯಬಲ್ಲರು. ಎರಡೂ ಮಾತನ್ನು ಜೊತೆಗಿಟ್ಟು ನೋಡಿ. ಸಣ್ಣವರೂ ಮುಟ್ಟಬಲ್ಲರು ಎಂದು ನಂಬಿದವನಿಗೆ ಸಣ್ಣವರನ್ನು ಮೋಸದಿಂದ ಮುಟ್ಟಿಸುವ ಅಗತ್ಯವಿಲ್ಲ.

ಇನ್ನೊಂದು ಸುತ್ತ ಅಭಯ ರಾಜಕುಮಾರನದು. ಅವನ ತೊಡೆಯ ಮೇಲೆ ಒಂದು ಕೂಸು ಮಲಗಿದೆ. ಈ ಕೂಸು ಬಾಯಲ್ಲಿ ಕಡ್ಡಿಯನ್ನೋ ಹರಳನ್ನೋ ಹಾಕಿಕೊಂಡರೆ ಏನು ಮಾಡುವೆ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ತೆಗೆಯುತ್ತೇನೆ, ಕೂಸಿನ ಮೇಲೆ ಕರುಣೆ ಇದೆ ಎನ್ನುತ್ತಾನೆ ಅವನು. ಆಗ ಬುದ್ಧರು ತಾವು ಯಾವ ಮಾತು ಆಡುತ್ತೇನೆ, ಯಾವುದನ್ನು ಆಡುವುದಿಲ್ಲ ಎಂದು ಒಂದೊಂದಾಗಿ ವಿಂಗಡಿಸುತ್ತಾರೆ. ನಿಜ ಮತ್ತು ಹಿತವಾದದ್ದನ್ನು, ಕೇಳಲು ಕಹಿಯಾದರೂ, ಹೊತ್ತು ನೋಡಿ ಹೇಳುತ್ತಾರೆ. ನಿಜವಿದ್ದೂ ಉಪಯೋಗವಿಲ್ಲದ್ದನ್ನು ಹೇಳುವುದಿಲ್ಲ. ಸುಳ್ಳನ್ನು, ಕೇಳಲು ಸಿಹಿಯಾದರೂ, ಹೇಳುವುದಿಲ್ಲ. ಆ ಪಟ್ಟಿಯಲ್ಲಿ ಒಂದು ಮನೆ ಖಾಲಿ ಇದೆ. "ಸುಳ್ಳು, ಆದರೆ ಹಿತ" ಎಂಬ ಬಗೆಯೇ ಅಲ್ಲಿಲ್ಲ. ನಾವು ದಿನಾ ಓಡಾಡುವ ಓಣಿ ಬುದ್ಧರ ನಕ್ಷೆಯಲ್ಲಿ ಇಲ್ಲವೇ ಇಲ್ಲ! ನೋವಾದರೂ ಮಾಡು, ಆದರೆ ಸುಳ್ಳಾಡಬೇಡ ಎಂಬುದು ಅಲ್ಲಿನ ಕರುಣೆ.

ಇಷ್ಟನ್ನೂ ಆ ಹಿರಿಯರಿಗೆ ನಾನು ಹೇಳಲಿಲ್ಲ. "ಆಕೀಗೆ ಮಾತು ಕೊಟ್ಟೀನ್ರಿ ಕಾಕಾ" ಎಂದೆ ಅಷ್ಟೆ. ಅವರು ತಲೆ ಅಲ್ಲಾಡಿಸಿ ಬೀಡಿ ಹಚ್ಚಿದರು.

ನಾಲ್ಕನೆಯ ಸಂಜೆ ಹೀಗೆ ನಡೆಯಿತು. "ಈಗ ಎರಡೂ ಕೈ ಅದಾವು" ಎಂದೆ. ಅವಳು ತುಳಿದಳು. "ಈಗ ಒಂದ ಕೈ" ಎಂದೆ. ಹೆಗಲು ಗಟ್ಟಿಯಾಯಿತು, ಆದರೆ ಕಾಲು ನಿಲ್ಲಲಿಲ್ಲ. "ಈಗ ಬಿಟ್ಟೀನಿ. ಬಾಜೂಕ ಓಡಾಕತ್ತೀನಿ." ಆರೇಳು ಮಾರು ಹೋಗಿ ವಾಲಿದಳು, ಒಂದು ಕಾಲು ಊರಿದಳು, ಮೊಣಕಾಲು ತುಸು ತರಚಿತು. ಎದ್ದು ನಿಂತಾಗ ಕಣ್ಣಲ್ಲಿ ನೀರಿರಲಿಲ್ಲ. "ನೀ ಬಿಟ್ಟೀನಿ ಅಂದಿದ್ದಿ, ಅದಕ್ಕ ಕಾಲು ಕೊಟ್ಟೆ ಮಾಮಾ" ಅಂದಳು.

ಈ ಮಾತು ನನ್ನ ಕಣ್ಣು ತೆರೆಸಿತು. ನಿಜ ಹೇಳುವುದು ಬರೀ ನೀತಿಯ ಮಾತು ಎಂದು ನಾವು ತಿಳಿಯುತ್ತೇವೆ. ಅದು ಕೆಲಸಕ್ಕೆ ಬರುವ ವಸ್ತು. ಕೈ ಬಿಟ್ಟಿದೆ ಎಂದು ತಿಳಿದವಳಿಗೆ ಯಾವಾಗ ಕಾಲು ಕೊಡಬೇಕು ಎಂದೂ ತಿಳಿಯುತ್ತದೆ. ಕೈ ಇದೆ ಎಂದು ನಂಬಿದವಳು ಕಾಲು ಕೊಡುವುದಿಲ್ಲ, ಯಾರೋ ಹಿಡಿಯುತ್ತಾರೆಂದು ಕಾಯುತ್ತಾಳೆ, ಪೂರ್ತಿ ಬೀಳುತ್ತಾಳೆ. ಜಗತ್ತು ಇರುವ ಹಾಗೆ ತಿಳಿಯುವುದೇ ಬೀಳುವವರಿಗೆ ಇರುವ ಮೊದಲ ಆಸರೆ. ಸುಳ್ಳು ಅದನ್ನೇ ಕಸಿದುಕೊಳ್ಳುತ್ತದೆ, ಅದೂ ಬೇಕಾದ ಹೊತ್ತಿನಲ್ಲಿ.

ಇನ್ನೂ ಒಂದು ಕಸಿಯುತ್ತದೆ. ಮೋಸದಿಂದ ಹತ್ತು ಮಾರು ಹೋದ ಮಗು "ನಾನು ಹೋದೆ" ಎನ್ನುವುದಿಲ್ಲ, "ನನಗೆ ಗೊತ್ತಿಲ್ಲದೆ ಹೋಗಿಬಿಟ್ಟೆ" ಎನ್ನುತ್ತದೆ. ಧೈರ್ಯ ಮಾಡುವ ಗಳಿಗೆಯೇ ಅದರ ಕೈ ತಪ್ಪಿರುತ್ತದೆ. ಆರು ಮಾರು ಹೋಗಿ ಬಿದ್ದರೂ ನಮ್ಮ ಹುಡುಗಿಯ ಆರು ಮಾರು ಅವಳದೇ ಆಗಿತ್ತು. ಮರುದಿನ ಅವಳು ಮೈದಾನವನ್ನು ಎರಡು ಸುತ್ತು ಹಾಕಿದಳು. ಶಾಲೆ ತೆರೆಯುವ ಮುಂಚೆ ಅವಳ ಊರಿನ ದಾರಿಯನ್ನು ಒಮ್ಮೆ ಸೈಕಲ್ಲಿನ ಮೇಲೆಯೇ ಮುಟ್ಟಿ ಬಂದಳು.

ಬಂಧುಗಳೇ, ಇದು ಎಲ್ಲ ಮಕ್ಕಳಿಗೂ ಸಲ್ಲುವ ಮಾತು. ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಯಾಕೆಂದರೆ ನಮ್ಮ ಮಕ್ಕಳ ಹೆದರಿಕೆ ಪೂರ್ತಿ ಅವರದೇ ಅಲ್ಲ.

ಆ ಸಂಜೆಗಳಲ್ಲಿ ನಮ್ಮವ್ವ ಬಾಗಿಲಲ್ಲಿ ಕೂತು ಗೊಣಗುತ್ತಿದ್ದಳು. ಮೊಮ್ಮಗಳು ಬಿದ್ದಾಳೆಂಬ ಚಿಂತೆ ಎಂದುಕೊಂಡಿದ್ದೆ. ಕೇಳಿದರೆ ಬೇರೆಯೇ ಹೇಳಿದಳು. "ಸೈಕಲ್ ಹೊಡೀಲಿ ಬಿಡು. ಅಗಸಿ ಮುಂದ ಹಾದು ಹೋಗಬೇಕಲ್ಲೋ." ನಮ್ಮಪ್ಪ ಬಾಡಿಗೆ ಸೈಕಲ್ ತಂದಾಗ ಅಗಸಿಯ ಹತ್ತಿರ ಇಳಿಯುತ್ತಿದ್ದನಂತೆ. ಮೇಲಿನ ಓಣಿ ಮುಗಿಯುವ ತನಕ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತುತ್ತಿದ್ದನಂತೆ. ಇಳಿ ಎಂದು ಯಾರು ಹೇಳುತ್ತಿದ್ದರು ಎಂದು ಕೇಳಿದೆ. "ಯಾರೂ ಹೇಳ್ತಿದ್ದಿಲ್ಲ. ಹೇಳೂದು ಬೇಕಾಗಿದ್ದಿಲ್ಲ" ಎಂದಳು. ಊರ ಹೆಸರು ಬೇಡ. ಅಂಥ ಊರು ಒಂದೇ ಇರಲಿಲ್ಲ.

ಇದು ಹಳೆಯ ಕಾಲ ಎಂದು ಸುಮ್ಮನಾಗುವಂತಿಲ್ಲ. ಪಕ್ಕದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಕೂಸೊಂದು ಮಳೆಯಲ್ಲಿ ಗುಡಿಯೊಳಗೆ ಓಡಿತು ಎಂದು ತಂದೆ ತಾಯಿಗೆ ದಂಡ ಹಾಕಿದ ಸುದ್ದಿ ನಾವೆಲ್ಲ ಓದಿದೆವು. ನಾಲ್ಕು ಹೆಜ್ಜೆ ಓಡುವುದು ಅಪರಾಧವಾಗಬಹುದು ಎಂದು ತಿಳಿದ ಸಮುದಾಯದಲ್ಲಿ ಮಗುವಿನ ಕಾಲು ನಡುಗಿದರೆ ಅದು ಹೇಡಿತನವಲ್ಲ. ಅದು ಅಜ್ಜನ ನೆನಪು ಮೊಮ್ಮಗಳ ಕಾಲಲ್ಲಿ ಉಳಿದಿರುವುದು.

ಬಾಬಾಸಾಹೇಬರ ಬಾಲ್ಯದ ಒಂದು ಪ್ರಯಾಣ ನೆನಪಿಸಿಕೊಳ್ಳಿ. 1901ರಲ್ಲಿ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದ. ರಾತ್ರಿ ನೀರಿಗಾಗಿ ಸುಂಕದ ಕಟ್ಟೆಯವನ ಹತ್ತಿರ ಹೋದಾಗ ಬಾಲಕ ಭೀಮರಾವ್ ತಾವು ಮುಸಲ್ಮಾನರು ಎಂದು ಹೇಳಬೇಕಾಯಿತು. ಆದರೂ ನೀರು ಸಿಗಲಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಇಲ್ಲಿ ಎರಡು ಬಗೆಯ ಸುಳ್ಳನ್ನು ಬೇರೆ ಮಾಡಿ ನೋಡಬೇಕು. ಬಾಯಾರಿದ ಮಗು ಬಲವಿರುವವರ ಮುಂದೆ ಹೇಳಿದ ಸುಳ್ಳು ಒಂದು. ಅದರ ಪಾಪ ನೀರು ಕೊಡದವರ ಮೇಲೆ. ಬಲವಿರುವವರು, ಕೈಯಲ್ಲಿ ಸೀಟು ಹಿಡಿದವರು, ತಮ್ಮನ್ನೇ ನಂಬಿದವರಿಗೆ ಹೇಳುವ ಸುಳ್ಳು ಇನ್ನೊಂದು. ನಮ್ಮ ಜನ ಸಾವಿರಾರು ವರ್ಷ ಕೇಳಿದ್ದು ಈ ಎರಡನೆಯದನ್ನೇ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ನಿಮ್ಮ ಕರ್ಮ ಕಳೆಯಲಿ, ಮುಂದಿನ ಜನ್ಮದಲ್ಲಿ ಒಳ್ಳೆಯದಾಗುತ್ತದೆ. ಅಂಥ ಮಾತುಗಳಿಂದ ಎದ್ದು ಬಂದವರು ನಾವು. ನಮ್ಮ ಮನೆಯ ಅಂಗಳದಲ್ಲಿ, ಎಷ್ಟೇ ಸಣ್ಣದಿರಲಿ, ಎಷ್ಟೇ ಪ್ರೀತಿಯದಿರಲಿ, ಅದೇ ಜಾತಿಯ ಮಾತನ್ನು ಮತ್ತೆ ಬಿತ್ತಬಾರದು.

ಹಾಗಾದರೆ ಹೆದರಿಕೆಯನ್ನು ಏನು ಮಾಡಬೇಕು? ಬುದ್ಧರು ತಮ್ಮ ಹೆದರಿಕೆಯ ಬಗ್ಗೆಯೇ ಹೇಳಿದ್ದಾರೆ. ಭಯಭೇರವ ಸುತ್ತದಲ್ಲಿ, ಬೋಧಿಯ ಮುಂಚೆ ಕಾಡಿನಲ್ಲಿ ಒಬ್ಬರೇ ಇದ್ದ ರಾತ್ರಿಗಳ ಮಾತು. ಜಿಂಕೆ ಸುಳಿದರೆ, ನವಿಲು ಕಡ್ಡಿ ಮುರಿದರೆ, ಗಾಳಿಗೆ ಎಲೆ ಸರಿದರೆ ಭಯ ಬರುತ್ತಿತ್ತು. ನಡೆಯುವಾಗ ಭಯ ಬಂದರೆ ನಡೆಯುತ್ತಲೇ ಗೆದ್ದರು, ಕೂಡಲಿಲ್ಲ, ನಿಲ್ಲಲಿಲ್ಲ. ಕೂತಾಗ ಬಂದರೆ ಕೂತೇ ಗೆದ್ದರು. ಭಯ ಇಲ್ಲ ಎಂದು ಅವರು ನಟಿಸಲಿಲ್ಲ. ಭಯ ಬಂದ ಜಾಗದಲ್ಲೇ ಅದನ್ನು ಭೇಟಿಯಾದರು. ಸೈಕಲ್ಲಿನ ಮೇಲೆ ಬಂದ ಹೆದರಿಕೆ ಮನೆಯಲ್ಲಿ ಕೂತರೆ ಹೋಗುವುದಿಲ್ಲ, ಸೈಕಲ್ಲಿನ ಮೇಲೆಯೇ ಹೋಗಬೇಕು. ಅಗಸಿಯ ಮುಂದಿನ ಹೆದರಿಕೆ ಅಗಸಿಯ ಮುಂದೆಯೇ ಹೋಗಬೇಕು.

ಅದಕ್ಕೆ ಜೊತೆ ಬೇಕು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ ಕಲಿಸಿತು. ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು, ಕಲ್ಲುಗಣಿಯಲ್ಲಿ ದುಡಿಯುವವರೂ ಸೇರಿ, ಕಲಿತರು. ಒಬ್ಬಳೇ ಹೊರಟರೆ ಊರು ನಗುತ್ತದೆ. ನೂರು ಜನ ಹೊರಟರೆ ಊರು ದಾರಿ ಬಿಡುತ್ತದೆ. ಸಂಘಂ ಶರಣಂ ಎನ್ನುವುದಕ್ಕೆ ಇದೂ ಒಂದು ಅರ್ಥ. ನಮ್ಮ ಹುಡುಗಿಯ ಜೊತೆ ಅವಳ ಓಣಿಯ ಇನ್ನೂ ಇಬ್ಬರು ಹುಡುಗಿಯರು ಈಗ ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುತ್ತಾರೆ. ಅಗಸಿಯ ಮುಂದೆ ಮೂವರೂ ಇಳಿಯುವುದಿಲ್ಲ. ಬೆಲ್ ಹೊಡೆಯುತ್ತಾರೆ ಎಂದು ತಂಗಿ ಫೋನಿನಲ್ಲಿ ಹೇಳಿದಳು.

ಕೊನೆಯದಾಗಿ, ಹಿಡಿಯುವ ಕೈಯ ಬಗ್ಗೆ. ಬಿಟ್ಟೂ ಹಿಡಿದಿದ್ದೇನೆ ಎನ್ನುವ ಕೈ ಒಂದು. ಬಿಡಲೇ ಒಲ್ಲದ ಕೈ ಇನ್ನೊಂದು. ಎರಡನೆಯದನ್ನೂ ನಾವು ಕಂಡಿದ್ದೇವೆ. ನಾನಿಲ್ಲದಿದ್ದರೆ ನೀವು ಬೀಳುತ್ತೀರಿ ಎಂದು ಚುನಾವಣೆಗೊಮ್ಮೆ ಬಂದು ಸೀಟು ಹಿಡಿಯುವವರಿದ್ದಾರೆ. ಬುದ್ಧರು ಎರಡೂ ಅಲ್ಲ. ಗುರುವಿನ ಮುಷ್ಟಿಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ ಎಂದರು. ತಾವು ಹೋಗುವ ಸಮಯ ಬಂದಿದೆ ಎಂದು ಆನಂದನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ನಿಮಗೆ ನೀವೇ ಆಸರೆಯಾಗಿ ಎಂದು ಹೇಳಿದರು. ಹೇಳಿ ಬಿಟ್ಟರು. ಆನಂದ ಅತ್ತ, ಆದರೆ ಮೋಸಹೋಗಲಿಲ್ಲ.

ಇಂದಿನ ಅಭ್ಯಾಸಕ್ಕೆ ಮೂರು ಮಾತು:

ಒಂದು, ಇಂದು ಮನೆಯ ಮಕ್ಕಳಿಗೆ ಹೇಳುವ ಮಾತುಗಳಲ್ಲಿ ಎಷ್ಟು ನಿಜ ಎಂದು ಗಮನಿಸಿ. ಬೈದುಕೊಳ್ಳಬೇಡಿ, ಗಮನಿಸಿ ಸಾಕು.

ಎರಡು, ಹೆದರಿದ ಮಗುವಿಗೆ "ಏನೂ ಆಗೂದಿಲ್ಲ" ಎನ್ನುವ ಬದಲು, ಏನು ಆಗಬಹುದು, ಆದರೆ ಏನು ಮಾಡಬೇಕು ಎಂದು ಹೇಳಿ. ಬೀಳಬಹುದು, ಬಿದ್ದರೆ ಕಾಲು ಕೊಡು, ನಾನು ಬಾಜೂಕ ಇರ್ತೀನಿ.

ಮೂರು, ಬಾಜೂಕ ಇರ್ತೀನಿ ಎಂದರೆ ಇರಿ.

ಭವತು ಸಬ್ಬ ಮಂಗಲಂ. ಜೈ ಭೀಮ್.